ಇಲಿ ಎಲ್ಲೂ ಇರಲಿಲ್ಲ

ಮನೆಯಲ್ಲಿ ಕೊಳೆತ ವಾಸನೆ ಬರುತ್ತಿದೆಯೆಂದು ಗೌರವ್ವ ಬೆಳಿಗ್ಗೆಯಿಂದ ಸತ್ತ ಇಲಿಯನ್ನು ಹುಡುಕುತ್ತಿದ್ದಳು. ಜೋಳದ ಚೀಲ ಸರಿಸಿದಳು, ಟ್ರಂಕಿನ ಹಿಂದೆ ಕೈಯಾಡಿಸಿದಳು, ಖಾನಾಪುರದ ಆ ಮೂರು ಕೋಣೆಯ ಮನೆಯನ್ನೆಲ್ಲ ಫಿನಾಯಿಲ್ ಹಾಕಿ ಒರೆಸಿದಳು. ಇಲಿ ಸಿಗಲಿಲ್ಲ. ಮಧ್ಯಾಹ್ನ ವಾಸನೆ ತಾನಾಗಿ ಹೋಯಿತು. ಸಂಜೆ ಗಂಡ ಬಾಳೇಶ ಹಂಚಿನ ಕಾರ್ಖಾನೆಯಿಂದ ಬಂದು ಚಹಾಕ್ಕೆ ಕೂತಾಗ ಮತ್ತೆ ಬಂತು.

ಹೀಗೆ ನಾಲ್ಕು ದಿನ. ಅವನು ಪಡಸಾಲೆಗೆ ಹೋದರೆ ವಾಸನೆಯೂ ಪಡಸಾಲೆಗೆ ಹೋಗುತ್ತಿತ್ತು. ಐದನೆಯ ದಿನ ಗೌರವ್ವ ಹುಡುಕುವುದನ್ನು ಬಿಟ್ಟಳು. ಕೆಲವು ತಿಂಗಳಿಂದ ಗಂಡ ಬೇರೆ ಮಲಗುತ್ತಿದ್ದುದು, ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದುದು ಅವಳಿಗೆ ನೆನಪಾಯಿತು.

“ಇಲಿ ಅಲ್ಲರಿ ಅದು,” ಎಂದಳು ಮೆಲ್ಲಗೆ. “ನಿಮ್ಮ ಮೈಯಿಂದ ಬರಾಕತ್ತೈತಿ. ಏನಾಗೈತಿ ಹೇಳ್ರಿ.”

ಬಾಳೇಶ ಗೋಡೆಯ ಕಡೆ ಮುಖ ತಿರುಗಿಸಿದ. “ಹೇಳೂವಂಥಾ ಜಾಗಾ ಅಲ್ಲ ಅದು. ಸಣ್ಣ ಗಾಯ. ಇನ್‌ಫೆಕ್ಷನ್ ಅಂತ ಔಷಧ ಅಂಗಡ್ಯಾಗ ಮುಲಾಮು ಕೊಟ್ಟಾರ. ಎಂಟು ತಿಂಗಳಾತು.”

“ತೋರಸ್ರಿ.”

“ಕೆಟ್ಟ ಚಾಳಿ ಮಾಡ್ಯಾನ ಅಂತ ಮಂದಿ ಅಂತಾರ. ನೀನೂ ಹಂಗ ತಿಳಕೊಂತಿ ಅಂತ ಅಂಜಿದೆ.”

ಅವಳು ಚಿಲಕ ಹಾಕಿ ಬಂದು ನೋಡಿದಳು. ಶಿಶ್ನದ ತುದಿಯಲ್ಲಿ ಹೂಕೋಸಿನಂತೆ ಮಾಂಸ ಬೆಳೆದಿತ್ತು.

“ಬ್ಯಾನಿ ಇಲ್ಲೇನ್ರಿ?”

“ಇಲ್ಲ.”

ನೋವಿಲ್ಲವೆಂಬ ಆ ‘ಇಲ್ಲ’ವೇ ಅವಳನ್ನು ಹೆಚ್ಚು ಹೆದರಿಸಿತು.

ಮರುದಿನ ಬೆಳಗಿನ ರೈಲಿನಲ್ಲಿ ಇಬ್ಬರೂ ಬೆಳಗಾವಿಗೆ ಹೋದರು. ಗಾಡಿ ತುಂಬಿತ್ತು, ಆದರೂ ದೇಸೂರ ದಾಟುವಷ್ಟರಲ್ಲಿ ಅವರ ಎದುರಿನ ಸೀಟಿನವರೆಲ್ಲ ಒಬ್ಬೊಬ್ಬರಾಗಿ ಎದ್ದುಹೋಗಿದ್ದರು.

ಆಸ್ಪತ್ರೆಯಲ್ಲಿ ವೈದ್ಯರು ಗಾಯದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ಹೇಳಿದರು: “ಇದು ಶಿಶ್ನದ ಕ್ಯಾನ್ಸರ್ ರೀ. ಅಪರೂಪದ್ದು, ಮೊದಲಿಗೆ ಸೋಂಕಿನಂಗ ಕಾಣ್ತದ. ಮುಲಾಮಿಗೆ ಎರಡು ಮೂರು ವಾರದಾಗ ಮಾಯಲಿಲ್ಲ ಅಂದಕೂಡ್ಲೆ ಬರಬೇಕಿತ್ತು. ಸಣ್ಣದ್ರಾಗ ಮುಗೀತಿತ್ತು. ಈಗ ಒಂದಿಷ್ಟು ಭಾಗ ತಗೀಬೇಕು. ಜೀವಕ್ಕ ಇನ್ನೂ ದಾರಿ ಅದ.”

ಗೌರವ್ವ ಗಂಡನ ಪಕ್ಕಕ್ಕೆ ಸರಿದು ಕೂತಳು. “ತಗೀರಿ ಡಾಕ್ಟರ,” ಎಂದಳು.

ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದ ಮೇಲೆ ಕಾರ್ಖಾನೆಯ ಗೆಳೆಯರು ನೋಡಲು ಬಂದರು. “ಏನ್ ಆಪರೇಶನ್ ಆತು, ಬಾಳೇಶ?” ಎಂದು ಗುಮಾಸ್ತ ಬಿಂದುಮಾಧವ ಕೇಳಿದ.

ಹರ್ನಿಯಾ ಎನ್ನಬೇಕೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಗೌರವ್ವ ಹೇಳಲು ಬಾಯಿ ತೆರೆದಳು. ಬಾಳೇಶ ಅವಳನ್ನು ತಡೆದು, ಎಲ್ಲಿ ಗಾಯವಾಗಿತ್ತು, ಎಷ್ಟು ದಿನ ಮುಚ್ಚಿಟ್ಟೆ, ಏನು ಕತ್ತರಿಸಿದರು ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿದ. ಯಾರೂ ನಗಲಿಲ್ಲ.

ಎಲ್ಲರೂ ಹೊರಟ ಮೇಲೂ ಬಿಂದುಮಾಧವ ಎದ್ದಿರಲಿಲ್ಲ. ನೆಲ ನೋಡುತ್ತ ತಗ್ಗಿದ ದನಿಯಲ್ಲಿ ಕೇಳಿದ:

“ಆ ಡಾಕ್ಟರು ಯಾವ ದಿವಸ ಸಿಗ್ತಾರ?”