ಹೆಡೆಯ ಮೇಲೊಂದು ಬೆರಳು

ನಾನು ಒಂದು ಗುಂಡಿ. ಅಂಗಿಯ ಗುಂಡಿಯಲ್ಲ; ನನ್ನನ್ನು ಹೊಲಿಯಲಾಗದು, ಕಿತ್ತು ಬೀಳುವ ಭಯವೂ ಇಲ್ಲ. ಒಂದು ವೆಬ್‌ಸೈಟಿನ ನಡುಮಧ್ಯೆ, ಮೊಬೈಲಿನ ಗಾಜಿನೊಳಗೆ ಕೂತಿದ್ದವನು. ಜನ ನನ್ನನ್ನು ಬಟನ್ ಎನ್ನುತ್ತಾರೆ. ಒತ್ತಿಸಿಕೊಳ್ಳುವುದೊಂದೇ ನನ್ನ ಕೆಲಸ. ಆ ಒಂದು ಕೆಲಸವೂ ನಡೆಯದೆ ಒಂದು ಮನೆಯ ಜೀವ ಬಾಯಿಗೆ ಬಂದ ಕಥೆಯನ್ನು ಹೇಳುತ್ತೇನೆ.

ನಾನು ಹುಟ್ಟಿದ್ದು ನಂಜನಗೂಡಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಅಂಗಡಿ ಶಶಿರೇಖಾಳದು. ಅವಳ ಗಂಡ ಕೆಂಪರಾಜು ಮನೆಗಳಿಗೆ ನುಗ್ಗಿದ ಹಾವು ಹಿಡಿದು ಕಾಡಿಗೆ ಬಿಡುವವನು. ಹಾವು ಕಂಡವರು ಅವನಿಗೆ ಫೋನ್ ಮಾಡಿ ಕಿರುಚುತ್ತಿದ್ದರೇ ಹೊರತು ವಿಳಾಸ ಹೇಳುತ್ತಿರಲಿಲ್ಲ. ಹೊಸ ಬಡಾವಣೆಗಳಲ್ಲಿ ಯಾವ ರಸ್ತೆ ನೋಡಿದರೂ ಒಂದೇ ಥರ. ಅವನು ಬೈಕಿನಲ್ಲಿ ಸುತ್ತಿ ಸುತ್ತಿ ತಲುಪುವ ಹೊತ್ತಿಗೆ ಹಾವನ್ನು ಬಡಿದು ಹಾಕಿರುತ್ತಿದ್ದರು, ಇಲ್ಲವೇ ಹಾವೇ ಯಾರನ್ನೋ ಕಚ್ಚಿರುತ್ತಿತ್ತು. ಒಮ್ಮೆ ಹೀಗೆ ತಡವಾದಾಗ ಹಾಲು ಮಾರುವ ಹೆಂಗಸೊಬ್ಬಳು ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡಳು. ಕೆಂಪರಾಜು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ.

“ಏಳ್ರಿ. ಒಂದ್ಸಲ ಒತ್ತಿದ್ರೆ ಸಾಕು, ಅವ್ರಿರೋ ಜಾಗ ನಿಮ್ ಫೋನಿಗೆ ಬರಂಗೆ ಮಾಡ್ಸ್ತೀನಿ,” ಎಂದಳು ಶಶಿರೇಖಾ.

ಸೈಟನ್ನು ಅವಳ ತಮ್ಮ ಕಟ್ಟಿಕೊಟ್ಟ. ಬಟನ್ ಮಾತ್ರ ತಾನೇ ಮಾಡುತ್ತೇನೆಂದು ಹಟ ಹಿಡಿದಳು. ಕಾಸು ಕೊಡದೆ ಸಿಗುವ, ಚಿತ್ರ ತಿದ್ದುವ ಗಿಂಪ್ ಎಂಬ ತಂತ್ರಾಂಶ ಅವಳ ಕಂಪ್ಯೂಟರಿನಲ್ಲಿತ್ತು. ಮೊದಲು ಖಾಲಿ ಹಾಳೆ. ಅದರ ಮೇಲೆ ಮೂಲೆ ದುಂಡಾದ ಕೆಂಪು ಪಟ್ಟಿ. ಮೇಲಂಚಿಗೆ ತಿಳಿ ಬಣ್ಣ, ಕೆಳಗೆ ಗಾಢ ಬಣ್ಣ, ಅಡಿಯಲ್ಲಿ ಸಣ್ಣ ನೆರಳು. ಅಷ್ಟಕ್ಕೇ ನಾನು ಪರದೆಯಿಂದ ಉಬ್ಬಿ ನಿಂತೆ. ‘ಹಾವು ಬಂದಿದೆಯೇ? ಇಲ್ಲಿ ಒತ್ತಿ’ ಎಂದು ಬರೆದಳು. ಅಲ್ಲಿಗೆ ನನ್ನ ಕೆಲಸಕ್ಕೆ ಬೇಕಾದ್ದೆಲ್ಲ ಮುಗಿದಿತ್ತು.

ಆದರೆ ಫ್ಲೆಕ್ಸ್ ಮಾಡಿದ ಕೈ ಸುಮ್ಮನಿರುತ್ತದೆಯೇ? ಹುಟ್ಟುಹಬ್ಬದ ಪುಢಾರಿಗಳ ತಲೆಯ ಹಿಂದೆಲ್ಲ ಪ್ರಭೆ ಬಿಡಿಸಿದ ಕೈ ಅದು. ಚಿತ್ರದ ಮೇಲೆ ಗಾಜಿನ ಹಾಳೆ ಹಾಸಿದಂತೆ ಇನ್ನೊಂದು ಪದರ ತೆರೆದು ಹೆಡೆ ಬಿಚ್ಚಿದ ನಾಗರಹಾವು ಬರೆದಳು. ಹೆಡೆಯ ಹಿಂದೆ ಹೊಂಬಣ್ಣದ ಪ್ರಭೆ ಕೊಟ್ಟಳು. ನನಗಂತೂ ಆ ದಿನ ಜಂಬವೋ ಜಂಬ.

ಸೈಟು ಶುರುವಾಯಿತು. ಜನ ಬಂದರು, ನನ್ನನ್ನು ನೋಡಿದರು, ಹೊರಟುಹೋದರು. ಒತ್ತಿದವರು ತೀರ ಕಡಿಮೆ. ಗಾಜಿನ ಕೆಳಗಿನಿಂದ ನಾನು ಎಷ್ಟೋ ಬೆದರಿದ ಮುಖಗಳನ್ನು ಕಂಡೆ. ಬೆರಳು ನನ್ನ ಹತ್ತಿರ ಬರುತ್ತಿತ್ತು, ಅಳ್ಳಾಡುತ್ತಿತ್ತು, ಹಿಂದೆ ಸರಿಯುತ್ತಿತ್ತು. ಯಾಕೆಂದು ನನಗೂ ತಿಳಿಯಲಿಲ್ಲ.

“ಕಾಣ್ತಾ ಇಲ್ವೇನೋ,” ಎಂದು ಶಶಿರೇಖಾ ನನ್ನನ್ನು ದೊಡ್ಡದು ಮಾಡಿದಳು. ಪ್ರಭೆಯನ್ನೂ ಹೆಚ್ಚಿಸಿದಳು. ಹೆಡೆ ಪರದೆ ತುಂಬಿತು. ಕೆಳಗಿದ್ದ ಫೋನ್ ನಂಬರು ಇನ್ನೂ ಕೆಳಗೆ ತಳ್ಳಿಸಿಕೊಂಡು ಕಾಣದಾಯಿತು. ಮೂಲೆಯಲ್ಲಿ ಸುರುಳಿ ಸುತ್ತಿದ್ದ ಬಾಲಕ್ಕೆ ಜಾಗ ಸಾಲದೆ ಅದನ್ನು ಕತ್ತರಿಸಹೊರಟಾಗ ಕೆಂಪರಾಜು ತಡೆದ.

“ಬಾಲ ತೆಗೀಬ್ಯಾಡ ಕಣೆ. ನಾನು ಹಾವು ಹಿಡಿಯಾದೇ ಬಾಲ್ದಲ್ಲಿ.”

ಅವಳು ನಕ್ಕು ಬಾಲವನ್ನು ಉಳಿಸಿದಳು.

ಆ ಮಧ್ಯಾಹ್ನ ನಾನು ತೆರೆದುಕೊಂಡದ್ದು ಚಿಕ್ಕತಾಯಮ್ಮನವರ ಫೋನಿನಲ್ಲಿ. ಊರಾಚೆಯ ಬಡಾವಣೆ, ಅಕ್ಕಪಕ್ಕದವರೆಲ್ಲ ಕೆಲಸಕ್ಕೆ ಹೋಗಿದ್ದರು. ಮಗಳು ಸುಪ್ರೀತಾ ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ನೀರು ಹಾಕಿಯಾಗಿತ್ತು. ಸಾಂಬ್ರಾಣಿ ಹೊಗೆ ಹಿಡಿಯಲು ಕೆಂಡ ತಂದ ಚಿಕ್ಕತಾಯಮ್ಮ ಕೋಣೆಯ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದರು. ಮಂಚದ ಮೇಲೆ ಮಗಳು, ಅವಳ ಮಡಿಲಲ್ಲಿ ಮಗು. ಮಂಚಕ್ಕೂ ಹೊಸ್ತಿಲಿಗೂ ನಡುವೆ ನಾಗರಹಾವು. ಬಾಣಂತಿಯ ಕಣ್ಣಿಗೆ ಒಳ್ಳೆಯದಲ್ಲವೆಂದು ಮಗಳ ಫೋನನ್ನು ಅವರೇ ಬೀರುವಿನಲ್ಲಿ ಇಟ್ಟಿದ್ದರು. ಇವೆಲ್ಲ ನನಗೆ ಆಮೇಲೆ ಅವರ ಮಾತಿನಿಂದ ತಿಳಿದದ್ದು. ಆಗ ನನಗೆ ಕಾಣುತ್ತಿದ್ದದ್ದು ಅವರ ಗಲ್ಲ, ಬೆವೆತ ಮೂಗು, ಅದರ ಮೇಲೆ ತಿರುಗುವ ಫ್ಯಾನು ಮಾತ್ರ.

“ಅವ್ವಾ, ಒಳಿಕ್ಕೆ ಕಾಲಿಡಬ್ಯಾಡ,” ಸುಪ್ರೀತಾಳ ದನಿ ಸಣ್ಣಗೆ ಬಂತು. “ಹಾವ್ ಹಿಡಿಯೋರ್ದು ನಮ್ ಬಡಾವಣೆ ಗ್ರೂಪಲ್ಲಿ ಬಂದಿತ್ತಲ್ಲ, ಅದ ತೆಗ್ದು ಒತ್ತು.”

“ತೆಗ್ದಿವ್ನಿ ಕಣವ್ವ.”

“ಒತ್ತು ಮತ್ತೆ!”

ಬೆರಳು ಬಂತು. ನನ್ನ ಹೆಡೆಯ ಮೇಲೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಹಿಂದೆ ಹೋಯಿತು.

“ಎಂಗವ್ವ ಒತ್ತಾದು? ಇದ್ರಲ್ಲೂ ನಾಗಪ್ಪನೇ ಕುಂತವ್ನೆ. ದ್ಯಾವ್ರ ಹೆಡೆ ಮ್ಯಾಲೆ ಬೆಟ್ಟು ಮಡಗಾದಾ? ಅಲ್ಲಿ ಎದ್ರುಗೇ ನೋಡ್ತಾವ್ನೆ.”

ಆಗ ನನಗೆ ಅರ್ಥವಾಯಿತು. ಇಷ್ಟು ದಿನ ಹಿಂದೆ ಸರಿದ ಬೆರಳುಗಳೆಲ್ಲ ಒಟ್ಟಿಗೆ ನೆನಪಾದವು. ಅಯ್ಯೋ ತಾಯಿ, ನಾನು ದೇವರಲ್ಲ, ಬರೀ ಬಣ್ಣ ಎಂದು ಕೂಗಬೇಕೆನಿಸಿತು. ಬಟನ್ನಿಗೆ ಬಾಯೆಲ್ಲಿ? ಕೆಳಗೆ ನಂಬರಿತ್ತು ನಿಜ, ಆದರೆ ಅಲ್ಲಿಗೆ ಹೋಗಲೂ ನನ್ನ ಮೇಲೆಯೇ ಬೆರಳು ಎಳೆಯಬೇಕಿತ್ತು. ಚಿಕ್ಕತಾಯಮ್ಮ ಫೋನನ್ನು ಸೆರಗಿನ ಮೇಲೆ ಎದೆಗೆ ಕವುಚಿ ಹಿಡಿದು ಕೈ ಮುಗಿದರು. ನನಗೆ ಕತ್ತಲೆಯಾಯಿತು. ಆ ಕತ್ತಲೆಯಲ್ಲಿ ಅವರ ಎದೆ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು.

“ಹೋಗಪ್ಪ, ತಪ್ಪಿದ್ರೆ ಒಪ್ಕೊ, ಬಾಣಂತಿ ಮಗ್ಳು ಅವ್ಳೆ, ಹಾಲೆರಿತೀನಿ ಹೋಗಪ್ಪ...”

ಹಾವು ಹೋಗಲಿಲ್ಲ. ಪರದೆ ಆರಿತು. ಅವರು ಮತ್ತೆ ಹೊತ್ತಿಸಿದರು, ಮತ್ತೆ ನನ್ನನ್ನೇ ನೋಡುತ್ತಾ ನಿಂತರು. ಅಷ್ಟರಲ್ಲಿ ಮಗು ಅತ್ತಿತು. ನೆಲದ ಕಡೆಯಿಂದ ಬುಸ್ ಎಂಬ ಸದ್ದು ಬಂತು.

“ಹೆಡೆ ಎತ್ತದೆ ಅವ್ವಾ.” ಸುಪ್ರೀತಾ ಅಳುತ್ತಿದ್ದಳು, ಆದರೂ ಬುದ್ಧಿ ಅವಳನ್ನು ಕೈಬಿಟ್ಟಿರಲಿಲ್ಲ. “ಅವ್ವಾ, ಆ ಪಟದಲ್ಲಿ ಬಾಲ ಅದಾ ನೋಡು. ನೀನು ದ್ಯಾವ್ರ ಕಾಲು ಮುಟ್ಟಿ ಕಣ್ಗೊತ್ಕೊಳಾಕಿಲ್ವಾ? ಹಂಗೇ ಬಾಲ ಮುಟ್ಟು.”

ಚಿಕ್ಕತಾಯಮ್ಮ ನನ್ನ ಮೇಲೆಲ್ಲ ಕಣ್ಣಾಡಿಸಿ ಹುಡುಕಿದರು. ಮೂಲೆಯಲ್ಲಿ ಚೂರೇ ಚೂರು ಬಾಲವಿತ್ತು. ಅದನ್ನು ಭಯಭಕ್ತಿಯಿಂದ ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡರು. ನಾನು ಹೆಡೆಯಿಂದ ಬಾಲದ ತುದಿಯವರೆಗೂ ಬಟನ್ನೇ ಅಲ್ಲವೇ? ಆ ಮನೆಯ ಜಾಗ ಕೆಂಪರಾಜುವಿನ ಫೋನಿಗೆ ಹಾರಿತು. ‘ಹೊರಟಿದ್ದೇನೆ, ಯಾರೂ ಅಲುಗಾಡಬೇಡಿ’ ಎಂಬ ಸಾಲು ನನ್ನ ಮೇಲೆ ಮೂಡಿತು.

ಆಮೇಲಿನ ಹೊತ್ತು ಹೇಗೆ ಕಳೆಯಿತೆಂದು ಹೇಳಲಾರೆ. ಸುಪ್ರೀತಾ ಮಗುವಿನ ಬಾಯಿಗೆ ಮೊಲೆ ಕೊಟ್ಟಿರಬೇಕು, ಅಳು ನಿಂತಿತ್ತು. ನನಗೆ ಹಾವು ಕಾಣಲಿಲ್ಲ. ಚಿಕ್ಕತಾಯಮ್ಮನ ಕಣ್ಣು ಮಂಚದ ಕಾಲಿನತ್ತ ಸರಿದಾಗ ಅದೂ ಅತ್ತ ಸರಿದಿದೆಯೆಂದು ತಿಳಿಯುತ್ತಿತ್ತು. ಕೊನೆಗೆ ಬೈಕಿನ ಸದ್ದು ಬಂತು. ಕೆಂಪರಾಜು ಚಪ್ಪಲಿ ಬಿಟ್ಟು ಮೆಲ್ಲಗೆ ಒಳಗೆ ಹೋದ. ಒಂದು ಸಲ ಬುಸುಗುಟ್ಟಿದ್ದು ಕೇಳಿಸಿತು, ಮರುಕ್ಷಣ ಚೀಲದ ಬಾಯಿ ಬಿಗಿದ ಸದ್ದು. ಸುಪ್ರೀತಾ ಮಗುವನ್ನು ಅಪ್ಪಿಕೊಂಡು ಜೋರಾಗಿ ಅತ್ತಳು.

ಕೆಂಪರಾಜು ಹೊಸ್ತಿಲಲ್ಲಿದ್ದ ಸಾಂಬ್ರಾಣಿ ಒಲೆ ನೋಡಿದ.

“ಯಾವಾಗ ಬಂತು ತಾಯಿ ಇದು?”

“ಕೆಂಡ ತಂದಾಗ್ಲೇ ಇತ್ತು ಕಣಪ್ಪ.”

“ಕೆಂಡ ಎಲ್ಲಾ ಬೂದಿ ಆಗದೆ! ಅಷ್ಟೊತ್ತೂ ಯಾಕ್ ಸುಮ್ನಿದ್ರಿ?”

ಚಿಕ್ಕತಾಯಮ್ಮ ನನ್ನನ್ನು ಅವನ ಮುಂದೆ ಹಿಡಿದರು. “ನೀನೇ ನೋಡಪ್ಪ. ಹಿಂದ್ಗಡೆ ಬೆಳಕು ಬ್ಯಾರೆ ಬಿಟ್ಟಿದ್ದೀರಿ. ಎಂಗೆ ಒತ್ಲಿ?”

ಅವನು ಹೊಸ್ತಿಲ ಮೇಲೆ ಕೂತ. “ಹಂಗಾದ್ರೆ ಇಷ್ಟ್ ದಿನ ತೆಗ್ದು ಒತ್ದೇ ಹೋದೋರೆಲ್ಲ...” ಎಂದವನು ಫೋನ್ ತೆಗೆದು ಶಶಿರೇಖಾಳ ನಂಬರು ಒತ್ತಿದ.

ಅವತ್ತೇ ಶಶಿರೇಖಾ ಹೊಸ ಬಟನ್ ಮಾಡಿದಳು. ಬರೀ ಹಸಿರು ಪಟ್ಟಿ, ‘ಕೆಂಪರಾಜು ಬೇಕು’ ಎಂಬ ಎರಡು ಪದ, ಕಣ್ಣಿಗೆ ಕಾಣುವಂತೆ ಫೋನ್ ನಂಬರು. ನೋಡಿದರೆ ಆಕಳಿಕೆ ಬರುವಂಥ ಮುಖ. ಜನ ಮುಗಿಬಿದ್ದು ಒತ್ತಿದರು. ನನಗೆ ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ. ಆದರೆ ಪ್ರತಿ ಸಲ ಕೆಂಪರಾಜುವಿನ ಬೈಕು ಹೊರಟಾಗ ಸಮಾಧಾನವೂ ಆಗುತ್ತಿತ್ತು.

ನನ್ನನ್ನು ಅಳಿಸಬೇಕೆಂದಿದ್ದರು. ಚಿಕ್ಕತಾಯಮ್ಮ ಅಂಗಡಿಗೇ ಬಂದು, “ನನ್ ಮೊಮ್ಮಗೀನ ಕಾದ ದ್ಯಾವ್ರು. ನಂಗೆ ಕೊಡವ್ವ,” ಎಂದರು. ಶಶಿರೇಖಾ ನನ್ನನ್ನು ಮುದ್ರಿಸಿ ಕಟ್ಟು ಹಾಕಿಸಿಕೊಟ್ಟಳು. ಪದರಗಳನ್ನೆಲ್ಲ ಬೆಸೆದು ಒಂದೇ ಚಿತ್ರ ಮಾಡಿಬಿಟ್ಟಿದ್ದರಿಂದ ‘ಇಲ್ಲಿ ಒತ್ತಿ’ ಎಂಬ ಅಕ್ಷರ ನನ್ನ ಜೊತೆಯೇ ಬಂತು.

ಈಗ ಅವರ ದೇವರ ಗೂಡಿನಲ್ಲಿ ಒರಗಿದ್ದೇನೆ. ಬಣ್ಣ ಮಾಸುತ್ತಿದೆ. ಮಗು ತಾಯಿಯೊಡನೆ ಅಪ್ಪನ ಮನೆಗೆ ಹೋಯಿತು. ಬಾಣಂತಿ ಕೋಣೆ ಖಾಲಿಯಾಗಿದೆ. ಅಂದು ಮಗಳು ಅಷ್ಟು ಬೇಡಿದರೂ ಬಾರದ ಬೆರಳು ಈಗ ದಿನ ಬೆಳಗ್ಗೆ ಕುಂಕುಮ ಹಿಡಿದು ಬರುತ್ತದೆ. ನೇರವಾಗಿ ನನ್ನ ಹೆಡೆಯ ನಡುವೆ, ಚೆನ್ನಾಗಿ ಒತ್ತಿ ಇಡುತ್ತದೆ. ನಾನು ಹಳೆಯ ರೂಢಿಯಂತೆ ಬೆಚ್ಚಿ ಆ ಕೋಣೆಯ ಕಡೆ ಕಿವಿ ಕೊಡುತ್ತೇನೆ. ನಡುಮನೆಯ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಇವತ್ತು ಯಾರನ್ನೂ ಕರೆಯಬೇಕಾಗಿಲ್ಲ.