ಹಿಡಿ ಅಕ್ಕಿ ಮತ್ತು ಮರೆಮ್ಮನ ದೂರು

ನಮ್ಮ ಚಾಳಿನಲ್ಲಿ ನಲ್ಲಿ ನೀರು ತಡವಾಗಬಹುದು, ಮೊಬೈಲಿಗೆ ವಿಡಿಯೊ ಬರುವುದು ಮಾತ್ರ ತಡವಾಗುವುದಿಲ್ಲ. ಖರೆಯೋ ಸುಳ್ಳೋ ಎಂದು ಕೇಳುವವರಿಲ್ಲ. ನೋಡಿದ ಕೂಡಲೇ ಹತ್ತು ಜನರಿಗೆ ಕಳಿಸುವುದು, ಆಮೇಲೆ ಚಹಾ ಕುಡಿಯುವುದು. ಮರಾಠಿ ನಾಡಿನ ವಿಮಾನ ನಗರದ ಹಿಂದಿನ ಈ ಚಾಳಿನಲ್ಲಿ ಮರೆಮ್ಮನ ಮನೆಗೆ ಪೆಟ್ಟು ಬಿದ್ದದ್ದೂ ಅಂಥದೊಂದು ವಿಡಿಯೊದಿಂದ.

ಯಾದಗಿರಿ ಕಡೆಯ ಮರೆಮ್ಮ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಮಾಡುತ್ತಾಳೆ. ಭಾನುವಾರ ಅವಳ ಮನೆಯಲ್ಲಿ ಏಳೆಂಟು ಕನ್ನಡ ಕ್ರೈಸ್ತ ಕುಟುಂಬಗಳು ಪ್ರಾರ್ಥನೆಗೆ ಸೇರುತ್ತವೆ. ಆ ಹೆಂಗಸರು ದಿನಾ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ದೇವರಿಗೆಂದು ತೆಗೆದಿಟ್ಟು, ಭಾನುವಾರ ತರುತ್ತಾರೆ. ಅದನ್ನೇ ಬೇಯಿಸಿ ಎಲ್ಲರೂ ಉಣ್ಣುತ್ತಾರೆ. ಎದುರು ಮನೆಯ ಋಷಿಕೇಶ ಆ ಅಕ್ಕಿ ಚೀಲದ ವಿಡಿಯೊ ತೆಗೆದು, "ಅಕ್ಕಿ ಕೊಟ್ಟು ಮತಾಂತರ" ಎಂದು ಬರೆದು ಹಾಕಿದ.

ಮುಂದಿನ ಭಾನುವಾರ ಪ್ರಾರ್ಥನೆಯ ನಡುವೆ ಇಪ್ಪತ್ತು ಜನ ಬಡಿಗೆ ಹಿಡಿದು ನುಗ್ಗಿದರು. ಅವರಲ್ಲಿ ಋಷಿಕೇಶನೂ ಇದ್ದ. ಮರೆಮ್ಮನ ಗಂಡ ಪ್ರೇಮಕುಮಾರನ ಕೈ ಮುರಿಯಿತು. ಪಕ್ಕದ ಮನೆಯ ಶಿವಗಂಗವ್ವ ಮಕ್ಕಳನ್ನೆಲ್ಲ ತನ್ನ ಮನೆಯೊಳಗೆ ಎಳೆದುಕೊಂಡು, ಹೊಸ್ತಿಲಿಗೆ ಅಡ್ಡ ಕುಳಿತುಬಿಟ್ಟಳು. ಆ ಹೆಂಗಸಿಗೆ ಎಷ್ಟು ಕೈ ಮುಗಿದರೂ ಕಡಿಮೆಯೇ.

ಠಾಣೆಯವರು ದೂರು ಕೊಡಿ ಎಂದಾಗ ಮರೆಮ್ಮ ಒಪ್ಪಲಿಲ್ಲ.

"ನಾವು ಕ್ಷಮಿಸೇವ್ರಿ. ಶಿಲುಬಿ ಮ್ಯಾಲೆ ಯೇಸಪ್ಪನೂ ಕ್ಷಮಿಸಿದ. ಈಗ ದೂರು ಕೊಟ್ರ ನಮ್ಮ ಕ್ಷಮಾ ಸುಳ್ಳಾಗ್ತದ."

ಪ್ರೇಮಕುಮಾರ ಕಿಡಿಕಿಡಿಯಾದ. "ನೀ ಕ್ಷಮಿಸಿದಿ, ನನ್ನ ಕೇಳಿದೇನು? ಇನ್ನ ಈ ಮನ್ಯಾಗ ಪ್ರಾರ್ಥನಾ ಬ್ಯಾಡ."

ಹದಿನಾಲ್ಕು ವರ್ಷ ನಡೆದುಬಂದ ಪ್ರಾರ್ಥನೆ ಅದು.

ಸಂಜೆ ಮಹಿಳಾ ಸಂಘದ ತ್ರಿವೇಣಿ ಬಂದಳು. ಕಾನೂನು ನೆರವಿನ ತರಬೇತಿ ಪಡೆದವಳು. ಎಲ್ಲ ಕೇಳಿ ಹೇಳಿದಳು:

"ಮರೆಮ್ಮಕ್ಕ, ಕ್ಷಮಿಸೋದು ನಿಮ್ಮ ಮನಸಿಗೆ ಬಿಟ್ಟದ್ದು. ದೂರು ಹಂಗಲ್ರಿ. ನೀವು ಸುಮ್ನಿದ್ರ ಇದೇ ಮಂದಿ ನಾಳೆ ಇನ್ನೊಂದು ಮನಿಗೆ ನುಗ್ತಾರ. ಆ ಮನಿಯವರ ಪೆಟ್ಟನ್ನೂ ನೀವೇ ಕ್ಷಮಿಸ್ತೀರೇನು?"

"ಆ ಹುಡುಗನ ಮ್ಯಾಲೆ ನನಗ ದ್ವೇಷ ಇಲ್ಲವ್ವ," ಎಂದಳು ಮರೆಮ್ಮ.

"ಬ್ಯಾಡ. ನಡೆದದ್ದಷ್ಟ ಹೇಳ್ರಿ. ಬರಕೊಂಡದ್ದನ್ನ ಓದಿಸಿ ಕೇಳಿ ಸಹಿ ಮಾಡ್ರಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಇಸ್ಕೊಳ್ರಿ."

ಬಾಗಿಲಲ್ಲಿ ನಿಂತಿದ್ದ ಶಿವಗಂಗವ್ವ ಸೆರಗು ಸಿಗಿಸಿದಳು. "ನಾನೂ ಬರ್ತೀನಿ. ಒಬ್ಬೊಬ್ಬಾಕಿ ತನ್ನ ಮನಿ ಅಕ್ಕಿ ತಾನ ತರೋದು ನಾ ಪ್ರತಿ ಭಾನುವಾರ ಕಂಡೀನಿ. ಮೊದಲ ಯಾರರ ಬಂದು ನನ್ನ ಕೇಳಿದ್ರ ಹೇಳ್ತಿದ್ದೆ."

ಠಾಣೆಯಲ್ಲಿ ಮರೆಮ್ಮ ದೂರು ಕೊಟ್ಟಳು; ಶಿವಗಂಗವ್ವ ಹರುಕುಮುರುಕು ಮರಾಠಿಯಲ್ಲೇ ತಾನು ಕಂಡದ್ದನ್ನೆಲ್ಲ ಹೇಳಿದಳು. ಪೊಲೀಸರು ಬರೆದುಕೊಂಡರು.

ಜಾಮೀನಿನ ಮೇಲೆ ಬಂದ ಋಷಿಕೇಶ ತಲೆ ತಗ್ಗಿಸಿ ಮರೆಮ್ಮನ ಮನೆಗೆ ಬಂದು ತಪ್ಪಾಯಿತೆಂದ. ಕೇಸು ಹಿಂದಕ್ಕೆ ತಗೊಳ್ಳಿ ಎಂದೂ ಬೇಡಿಕೊಂಡ. "ಕೇಸು ಕೋರ್ಟಿನದಪ್ಪ, ಅಲ್ಲಿ ಖರೆ ಹೇಳು. ನನ್ನ ಕಡಿಂದ ಅವತ್ತ ಕ್ಷಮಾ ಆಗ್ಯದ," ಎಂದಳು ಮರೆಮ್ಮ. ಪ್ರೇಮಕುಮಾರ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಆದರೆ ಭಾನುವಾರ, ಪ್ರಾರ್ಥನೆ ಬೇಡವೆಂದಿದ್ದ ಅವನೇ ಮತ್ತೆ ಸೇರಿದವರ ನಡುವೆ ಬಂದು ಕೂತ. ಅಲ್ಲಿ ಒಬ್ಬೊಬ್ಬರೂ ಎದ್ದು ವಾರದ ಉಪಕಾರ ನೆನೆಯುವುದು ರೂಢಿ. ಪಟ್ಟಿ ಕಟ್ಟಿದ ಕೈಯಲ್ಲೇ ಅವನೂ ಎದ್ದು ನಿಂತ.

"ಶಿವಗಂಗವ್ವನ್ನ ಪಕ್ಕದಾಗ ಇಟ್ಟಿ, ತ್ರಿವೇಣಿನ್ನ ಕಳಿಸಿದಿ. ಸ್ತೋತ್ರ, ಸ್ವಾಮಿ. ಋಷಿಕೇಶನ ಮ್ಯಾಲಿನ ಸಿಟ್ಟು ನನಗಿನ್ನೂ ಪೂರಾ ಹೋಗಿಲ್ಲ. ಹೋಗಲಿ ಅಂತ ಬೇಡ್ಕೊಳ್ಳೋ ಮನಸು ಇವತ್ತ ಬಂದದ. ಅದಕ್ಕೂ ಸ್ತೋತ್ರ."

ಅಕ್ಕಂದಿರೇ, ಅಣ್ಣಂದಿರೇ, ನೆರೆಯವರ ಬಗ್ಗೆ ಮಾತು ಬಂದರೆ ಹರಡುವ ಮುಂಚೆ ಅವರ ಬಾಗಿಲಿಗೇ ಹೋಗಿ ಕೇಳಿ. ಯಾರದೇ ಪೂಜೆ ಪ್ರಾರ್ಥನೆಯ ಮೇಲೆ ಕೈ ಬಿದ್ದರೆ 112ಕ್ಕೆ ಕರೆ ಮಾಡಿ. ಪೆಟ್ಟು ತಿಂದವರು ಕ್ಷಮಿಸಲಿ, ಅದು ಅವರ ದೊಡ್ಡತನ. ಕಣ್ಣಾರೆ ಕಂಡ ನೀವು ಮಾತ್ರ ಸುಮ್ಮನಿರಬೇಡಿ.