ಹಸಿರು ಬಳಿದ ಕಂಬ

"ಕುಡೀರಕ್ಕ, ಆರೋಯ್ತದೆ," ಎಂದಳು ರಾಜಾತಿ.

ಕಾಫಿ ಲೋಟ ಮೇನಕಾಳ ಕೈಯಲ್ಲೇ ಇತ್ತು. ಕಣ್ಣು ಮಾತ್ರ ಪಡಸಾಲೆಯ ನಟ್ಟನಡುವೆ ನಿಂತಿದ್ದ ಕಂಬವನ್ನು ಬಿಟ್ಟು ಕದಲಿರಲಿಲ್ಲ. ತೋಳಿಗಿಂತ ತುಸು ದಪ್ಪನೆಯ ನೀಲಗಿರಿ ಕಂಬ. ನೆಲದಿಂದ ಎದ್ದು ಮೇಲಿನ ಬೀಮಿಗೆ ತಲೆ ಕೊಟ್ಟು ನಿಂತಿತ್ತು. ಗೋಡೆಯ ಹಸಿರು ಬಣ್ಣವನ್ನೇ ಅದಕ್ಕೂ ಬಳಿದಿದ್ದರು. ಮೊಳೆಗಳಲ್ಲಿ ಎರಡು ಅಂಗಿ, ಒಂದು ಸ್ಕೂಲ್ ಬ್ಯಾಗು, ಜವಳಿ ಅಂಗಡಿಯ ಕ್ಯಾಲೆಂಡರು. ಅದರ ಕೆಳಗೆ ಮಕ್ಕಳ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳು. ಎಲ್ಲಕ್ಕಿಂತ ಕೆಳಗಿನ ಗೆರೆ ಆಗಲೇ ಮಾಸಿತ್ತು.

"ನೋಡ್ದಾ ತಂಗಿ?" ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಪುಟ್ಟಪ್ಪ ಮೇಸ್ತ್ರಿ ಕೈ ಬೀಸಿ ತೋರಿಸಿದ. "ಎರಡು ರೂಮಿನ ನಡುವೆ ಗೋಡೆ ಎಲ್ಲಿತ್ತು ಅಂತ ಗೊತ್ತಾಯ್ತದಾ? ಬೀಮ್ ಕೊಟ್ಟೆ, ಗೋಡೆ ತೆಗ್ದೆ. ನಿಮ್ಮನೇದೂ ಇಂಗೇನೇ. ಅರ್ಚನಾ ಕಲ್ಯಾಣಕ್ಕೆ ನೂರು ಜನ ಆರಾಮಾಗಿ ಕೂತ್ಕಬೋದು, ತಾರಾಳಮಾ."

ಪುಟ್ಟಪ್ಪ ಮೇನಕಾಳ ಅತ್ತೆ ಗಂಗಲಕ್ಷ್ಮಮ್ಮನ ಅಣ್ಣನ ಮಗ. ನಾಳೆ ಬೆಳಗ್ಗೆ ಒಳ್ಳೆಯ ಹೊತ್ತು ನೋಡಿ ಪಾಲಕ್ಕೋಡಿನ ಅವರ ಮನೆಯಲ್ಲಿ ವೀಳ್ಯ ತೆಗೆದುಕೊಂಡು ಗೋಡೆಗೆ ಹಾರೆ ಹಾಕುವವನಿದ್ದ. ವೀಳ್ಯ ಕೊಟ್ಟ ಮೇಲೆ ಮೇಸ್ತ್ರಿಯನ್ನು ಬದಲಾಯಿಸುವ ರೂಢಿ ಅವರಲ್ಲಿಲ್ಲ. ಲಾರಿ ಡ್ರೈವರ್ ಗಂಡ ಶಿವಾ ಶಂಕಗಿರಿಯಲ್ಲಿ ಗಾಡಿ ಹತ್ತಿ ಗುಜರಾತಿನ ಕಡೆ ಹೋಗಿ ಹದಿನೈದು ದಿನವಾಗಿತ್ತು. ಹೋದ ವಾರ ಯಾವುದೋ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನು ಮಾಡಿ, "ಪುಟ್ಟಣ್ಣ ಇರೋವಾಗ ನಿಂಗೇನು ಯೋಚ್ನೆ?" ಎಂದು ಇಟ್ಟುಬಿಟ್ಟಿದ್ದ. ನಾದಿನಿ ಅರ್ಚನಾಳ ಮದುವೆಗೆ ಸೋದರಮಾವನಾಗಿ ಸೀರಿನ ಉಡುಗೊರೆ ಹೊತ್ತು ಬರಬೇಕಾದವನು ಪುಟ್ಟಪ್ಪನ ಅಪ್ಪ. ಕೆಲಸ ಬೇರೆಯವರಿಗೆ ಹೋದರೆ ತನ್ನ ತವರಿನವರು ಮದುವೆಯ ಹೊಸಿಲು ತುಳಿಯುವುದಿಲ್ಲವೆಂದು ಅತ್ತೆ ದಿನಕ್ಕೆರಡು ಸಲ ಹೇಳುತ್ತಿದ್ದಳು. ಮದುವೆ ಮುಗಿದ ಮೇಲೆ ಮನೆಯಲ್ಲಿ ಹಾಕುವ ಆ ಬೀಮಿನ ಕೆಳಗೆ ಹಾಸಿಗೆ ಹಾಸಬೇಕಾದವರು ಮೇನಕಾಳ ಇಬ್ಬರು ಮಕ್ಕಳು. 'ನೀವು ಮಾಡಿದ ಕೆಲಸ ಒಂದು ನೋಡಬೇಕಿತ್ತು ಅಣ್ಣಾ' ಎಂಬ ಮಾತು ಬಾಯಿಗೆ ಬರಲು ಅವಳಿಗೆ ಮೂರು ದಿನ ಬೇಕಾಗಿತ್ತು. ಅದಕ್ಕೇ ಇವತ್ತು ಪುಟ್ಟಪ್ಪ ಅವಳನ್ನು ಬಸ್ಸಿನಲ್ಲಿ ಮಾರಂಡಹಳ್ಳಿಗೆ, ತಾನು ಗೋಡೆ ತೆಗೆದುಕೊಟ್ಟಿದ್ದ ರಾಜಾತಿಯ ಮನೆಗೆ, ಕರೆತಂದಿದ್ದ.

"ಈ ಕಂಬ?" ಎಂದಳು, ಆದಷ್ಟೂ ಸಾದಾ ದನಿಯಲ್ಲಿ.

ರಾಜಾತಿ ಮೊದಲು ಮೇಸ್ತ್ರಿಯ ಮುಖ ನೋಡಿದಳು. "ಅದು ಸೆಂಟ್ರಿಂಗ್‌ದು ಅಕ್ಕ. ಬಟ್ಟೆ ನೇತಾಕಕ್ಕೆ ಆಯ್ತದೆ ಅಂತ ಬುಟ್ಟಿದೀವಿ."

"ಕಾಂಕ್ರೀಟು ಗಟ್ಟಿಯಾದ ಮೇಲೆ, ಇಪ್ಪತ್ತೊಂದು ದಿನಕ್ಕೆ ಸೆಂಟ್ರಿಂಗ್ ತೆಗೀತಾರಲ್ವಾ?"

"ಕಾಲೇಜು ಓದಿದೋರ ಮನೇಲಿ ಮೇಸ್ತ್ರಿ ಕೆಲ್ಸ ಮಾಡಬಾರ್ದು ಕಣವ್ವ," ಪುಟ್ಟಪ್ಪ ನಕ್ಕ. "ಸಿಮೆಂಟ್ ಮೂಟೇನೂ ಎಣಿಸ್ತಾರೆ, ದಿನಾನೂ ಎಣಿಸ್ತಾರೆ."

ರಾಜಾತಿಯೂ ನಕ್ಕಳು. ಆದರೆ ಅವಳ ನಗು ಬೇಗ ಇಳಿದುಹೋಯಿತು.

"ಎಷ್ಟು ದಿನ ಆಯ್ತು ರಾಜಾತಿ, ಗೋಡೆ ತೆಗೆದು?"

"ಬರೋ ಪೊಂಗಲ್‌ಗೆ ಎರಡು ವರ್ಸ."

ಮೇನಕಾ ಬೀಮಿನ ಉದ್ದಕ್ಕೂ ಕಣ್ಣಾಡಿಸಿದಳು. ಅದು ಪಕ್ಕದ ಗೋಡೆಯ ಮೇಲೆ ಕೂರುವ ಕಡೆ ಸಿಮೆಂಟು ಮೆತ್ತಿದ ಒಂದು ಗೆರೆಯಿತ್ತು. ಆ ಮೆತ್ತಿದ್ದರ ಮೇಲೆ ಕೂದಲೆಳೆಯಂಥ ಇನ್ನೊಂದು ಬಿರುಕು. ಹೇಳಬೇಕಾದ್ದನ್ನು ಒಳಗೊಳಗೇ ಮೂರು ಸಲ ಹೇಳಿಕೊಂಡು, ಚುಚ್ಚುವ ಮಾತುಗಳನ್ನೆಲ್ಲ ತೆಗೆದುಹಾಕಿ, ಉಳಿದದ್ದನ್ನು ಆಡಿದಳು.

"ಅಣ್ಣಾ, ಈ ಕಂಬ ಈಗ ತೆಗೆದು ತೋರಿಸ್ತೀರಾ? ತೋರಿಸಿದ್ರೆ ನಾಳೆ ನಾನೇ ತಟ್ಟೆ ಹಿಡಿದು ನಿಮಗೆ ವೀಳ್ಯ ಕೊಡ್ತೀನಿ."

ಪುಟ್ಟಪ್ಪ ಮೇಲಿನ ಕಾಲನ್ನು ಕೆಳಗಿಳಿಸಿದ. "ಇದು ಅತ್ತೆ ಕೇಳಿಸ್ತಿರೋದಾ, ನೀನಾ?"

"ನಾನೇ."

"ನಮ್ಮಪ್ಪಂಗೆ ಏನಂತ ಏಳ್ಲಿ? ನಿನ್ ತಂಗಿ ಸೊಸೆ ಊರೋರ ಮುಂದೆ ನನಗೆ ಪರೀಕ್ಷೆ ಇಟ್ಟವ್ಳೆ ಅಂತ್ಲಾ?"

"ಮಕ್ಕಳು ಮಲಗೋ ಜಾಗ ಅಣ್ಣಾ."

ಪುಟ್ಟಪ್ಪ ಪಂಚೆ ಎತ್ತಿಕಟ್ಟಿ ಎದ್ದ. "ಸುತ್ತಿಗೆ ಕೊಡು ರಾಜಾತಿ."

ರಾಜಾತಿ ಸುತ್ತಿಗೆ ತಂದುಕೊಟ್ಟಳು. ಯಾರೂ ಹೇಳದೆಯೇ ಅಂಗಿಗಳನ್ನು, ಬ್ಯಾಗನ್ನು ಮೊಳೆಯಿಂದ ತೆಗೆದಳು. ಮೂಲೆಯಲ್ಲಿ ಆಡುತ್ತಿದ್ದ ಪುಟ್ಟ ಮಗಳನ್ನು ಸೊಂಟಕ್ಕೆತ್ತಿಕೊಂಡು ಅಂಗಳಕ್ಕೆ ಹೋಗಿ, ಬಾಗಿಲಿನಿಂದ ದೂರ ನಿಂತಳು.

"ನೀನೂ ಆಚೆ ಓಗು," ಎಂದ ಪುಟ್ಟಪ್ಪ.

"ಯಾಕಣ್ಣಾ?"

ಅವನು ಸುತ್ತಿಗೆ ಹಿಡಿದು ಕಂಬದತ್ತ ನಡೆದ. ಮೇನಕಾ ಹೋಗಲಿಲ್ಲ. ಲೋಟವನ್ನು ನೆಲಕ್ಕಿಟ್ಟು ಅಲ್ಲೇ ನಿಂತಳು.

ಕಂಬದ ಬುಡಕ್ಕೆ ಬಿಗಿಯಾಗಿ ಹೊಡೆದಿದ್ದ ಮರದ ಬೆಣೆಯೊಂದಿತ್ತು. ಅದರ ಮೇಲೂ ಬಣ್ಣ. ಪುಟ್ಟಪ್ಪ ಕುಕ್ಕರಗಾಲಲ್ಲಿ ಕೂತು ಒಂದೇಟು ಕೊಟ್ಟ. ಬಣ್ಣ ಚಕ್ಕೆಯಾಗಿ ಸಿಡಿಯಿತು, ಬೆಣೆ ಅಲುಗಲಿಲ್ಲ. ಇನ್ನೊಂದೇಟಿಗೆ ಬೆರಳಗಲ ಸರಿಯಿತು. ಮೇಲೆ ಎಲ್ಲೋ, ಕಡಲೆಕಾಯಿ ಸಿಪ್ಪೆ ಒಡೆದಂಥ ಸಣ್ಣ ಸದ್ದು. ಅವನ ಹೆಗಲ ಮೇಲೆ ಸಿಮೆಂಟಿನ ಪುಡಿ ಉದುರಿತು.

ಮೂರನೆಯ ಏಟಿಗೆ ಎತ್ತಿದ ಸುತ್ತಿಗೆ ಹಾಗೇ ನಿಂತಿತು. ಅವನು ತಲೆಯೆತ್ತಿ ನೋಡಲಿಲ್ಲ. ಸುತ್ತಿಗೆ ಕೆಳಗೆ ಬಿಟ್ಟು ಎರಡು ಅಂಗೈಯಿಂದಲೂ ಬೆಣೆಯನ್ನು ಒಳಕ್ಕೆ ಒತ್ತಿದ. ಹಿಮ್ಮಡಿ ಕೊಟ್ಟು ತಳ್ಳಿದ. ಮತ್ತೆ ಸುತ್ತಿಗೆ ತೆಗೆದುಕೊಂಡು ಇನ್ನೊಂದು ಕಡೆಯಿಂದ, ಮೆಲ್ಲಮೆಲ್ಲಗೆ, ಮೊದಲಿನ ಜಾಗಕ್ಕೆ ಬರುವವರೆಗೂ ಬಡಿದ. ಆಮೇಲೂ ಕೈ ತೆಗೆಯಲಿಲ್ಲ. ಅವನ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಮೇನಕಾಗೆ ಗೆದ್ದೆ ಎನ್ನಿಸಲಿಲ್ಲ. ಅವನು ಆ ಬೀಮಿನ ಕೆಳಗಿನಿಂದ ಎದ್ದು ಬರಲಿ ಎನ್ನಿಸಿತು.

"ರಾಜಾತಿ," ಎಂದ ಅವನು, ಕೂತಲ್ಲಿಂದಲೇ. "ಇವತ್ತಿಂದ ಮಕ್ಳನ್ನ ಇಲ್ಲಿ ಮಲಗಿಸ್ಬ್ಯಾಡ."

ರಾಜಾತಿ ಬಾಗಿಲಿಗೆ ಬಂದು ನಿಂತಿದ್ದಳು. "ಎಷ್ಟು ದಿನ ಮೇಸ್ತ್ರಿ?" ಎಂದಳು.

"ಗೋಡೆ ತಿರುಗಾ ಕಟ್ಟೋಗಂಟ."

"ಓದ ವರ್ಸಾನೇ ಕೇಳ್ದೆ ನಿನ್ನ. ಏನೂ ಆಗಕಿಲ್ಲ ಅಂದೆ."

"ಅಂದೆ."

ಅವನು ಎದ್ದು ಹೆಗಲ ಪುಡಿ ಕೊಡವಿಕೊಂಡ. ಮೇನಕಾಳ ಕಡೆ ತಿರುಗಿದರೂ ಅವಳ ಮುಖ ನೋಡಲಿಲ್ಲ. "ನಾಳೆ ನನಗೆ ಇಲ್ಲೇ ಕೆಲ್ಸ ಐತೆ. ಬರಕ್ಕಾಗಲ್ಲ. ಅತ್ತೆಗೆ ಅಂಗಂತ ಏಳು."

"ನಿಮ್ಮಪ್ಪ ಮದುವೆಗೆ ಬರ್ದಿದ್ರೆ..." ಎಂದು ಶುರುಮಾಡಿದಳು ಮೇನಕಾ. ಅವನು ಆಗಲೇ ಜೇಬಿನಿಂದ ಅಳತೆಯ ಟೇಪು ತೆಗೆದು ಅದರ ತುದಿಯನ್ನು ಗೋಡೆಗೆ ಒತ್ತಿ ಹಿಡಿದಿದ್ದ.

ರಾಜಾತಿ ಮಗುವನ್ನು ಕೆಳಗಿಳಿಸಿ ಮೂಲೆಯ ಹಾಸಿಗೆ ಸುತ್ತಿದಳು. ಆಮೇಲೆ ಮಕ್ಕಳ ಮಂಚದ ಒಂದು ತುದಿ ಎತ್ತಿ ಎಳೆದಳು. ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಮೇನಕಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಪಕ್ಕಕ್ಕೆ ವಾಲಿಸಿ, ಒಂದೊಂದೇ ಕಾಲನ್ನು ಹೊಸಿಲು ದಾಟಿಸಿ, ಅಂಗಳದಲ್ಲಿ ಇಳಿಸಿದರು.

ಮಗು ಕೂಡಲೇ ಅದರ ಮೇಲೆ ಹತ್ತಿ ಅಂಗಾತ ಮಲಗಿತು. ಬಿಸಿಲು ಕಣ್ಣಿಗೆ ಹೊಡೆಯಿತೆಂದು ಅಂಗೈ ಅಡ್ಡ ಹಿಡಿದುಕೊಂಡಿತು.